ಬೀಗ

ನರಸಾಪುರದ ಪಂಚಾಯತಿ ಲೈಬ್ರರಿಗೆ
ಚಿನ್ನದ ಗಣಿಯ ಕ್ಲಬ್ಬಿನಿಂದ ರದ್ದಿಯಾಗಿ ಬಂದದ್ದು:
ರಟ್ಟಿಲ್ಲ, ಮೊದಲ ಹದಿನಾರು ಪುಟವಿಲ್ಲ,
ಇಂಗ್ಲೆಂಡಿನ ಕಾಲುವೆಗಳ ಪುಸ್ತಕ.
ಯಾರೂ ಮುಟ್ಟಲಿಲ್ಲವೆಂದು ನಾನೇ ಓದಿದೆ.
ಕೇಳುವವನೊಬ್ಬ ಸಿಕ್ಕ, ನೀರುಗಂಟಿ ಪಿಳ್ಳಪ್ಪ,
ಪೇಪರಿಗಲ್ಲ, ಫ್ಯಾನಿಗಾಗಿ ಬರುವವನು.

ಏಳಡಿ ಅಗಲ, ಎಪ್ಪತ್ತಡಿ ಉದ್ದದ ದೋಣಿ, ಅಂದೆ.
‘ಜಡೆ ಹಂಗಾಯ್ತಲ್ಲಮ್ಮ.’
ಅದರಲ್ಲಿ ಕಲ್ಲಿದ್ದಲು, ಪಿಂಗಾಣಿ
(ಗಾಡಿಯಲ್ಲಾದರೆ ಅರ್ಧಕ್ಕರ್ಧ ಬಟ್ಟಲು ಒಡೆಯುತ್ತಿದ್ದವಂತೆ),
ಹಿಂದೊಂದು ಗೂಡು, ಗೂಡಿನಲ್ಲಿ ಒಲೆ, ತೊಟ್ಟಿಲು,
ಗಂಡ, ಹೆಂಡತಿ, ಆರು ಮಕ್ಕಳು.
ದಡದ ಮೇಲೆ ಎಳೆಯುವ ಕುದುರೆ.

ಸೇತುವೆಯ ಕಲ್ಲಿಗೆ ಹಗ್ಗ ಕೊರೆದ ಗೀರುಗಳ ಫೋಟೊ.
ಪಿಳ್ಳಪ್ಪ ಪುಟದ ಮೇಲೆ ಬೆರಳಿಟ್ಟು ಆಳ ನೋಡಿದ.
ಅವರಪ್ಪನ ಕಪಿಲೆ ಬಾವಿಯ ಕಂಬದಲ್ಲೂ ಇಷ್ಟೇ ಅಂತೆ.
‘ಹಗ್ಗಕ್ಕೆ ಹಲ್ಲಿರ್ತವೆ, ಕಾಣಲ್ಲ.’
ತಳಕ್ಕೆ ಜೇಡಿಮಣ್ಣು ಸುರಿದು ದನ ಬಿಟ್ಟು ತುಳಿಸುತ್ತಿದ್ದರು ಅಂದಾಗ
ಅವನಿಗೆ ಆ ದೇಶದವರ ಮೇಲೆ
ಮೊದಲ ಸಲ ಮರ್ಯಾದೆ ಬಂತು.

ಗುಡ್ಡ ಬಂದ್ರೆ?
ಬೀಗ ಇದೆ ತಾತ, ಅಂದು ನಾಲಿಗೆ ಕಚ್ಚಿಕೊಂಡೆ.
‘ದೋಣಿಗೂ ಬೀಗರಾ! ಮದುವೆ ಯಾವಾಗಾಯ್ತು?’
ಅಲ್ಲ, ಬಾಗಿಲು. ಹಿಂದೊಂದು, ಮುಂದೊಂದು.
ದೋಣಿ ಒಳಗೆ ಬಂದ ಮೇಲೆ ಹಿಂದಿನದು ಮುಚ್ಚಿ
ಮುಂದಿನ ತೂಬು ಎತ್ತಿದರೆ
ನೀರು ಬೀಗುತ್ತೆ, ಬೀಗಿದ ನೀರಿನ ಮೇಲೆ
ದೋಣಿಯೂ ಬೀಗುತ್ತೆ, ಒಂದಾಳು ಎತ್ತರ,
ಅನ್ನಕ್ಕೆ ಎಸರು ಕಾಯುವಷ್ಟು ಹೊತ್ತಿನಲ್ಲಿ.
ಹೀಗೇ ಮೆಟ್ಟಿಲು ಮೆಟ್ಟಿಲು.

ಅವನು ಮಾತಾಡಲಿಲ್ಲ.
ಮೇಲಿನ ಕೆರೆ ಕೋಡಿ ಬಿದ್ದು ನಮ್ಮದು,
ನಮ್ಮದು ಬಿದ್ದು ಕೆಳಗಿನದು,
ಇಳಿಯುವ ನೀರನ್ನಷ್ಟೇ ಕಾದವನು.
ಈಗ ಬೆಂಗಳೂರಿನ ಬಚ್ಚಲ ನೀರು ಪೈಪಿನಲ್ಲಿ ಹತ್ತಿ ಬಂದು
ಕೆರೆ ಬೇಸಗೆಯಲ್ಲೂ ತುಂಬಿರುತ್ತದೆ.
ತೂಬು ಎತ್ತುವ ಹಾಗಿಲ್ಲ. ತುಕ್ಕು.
‘ಅವರ್ಗೂ ಕೆಲಸ ಹೋಯ್ತಾ?’
ರೈಲು ಬಂತು, ಹೋಯ್ತು. ಜೊಂಡು ಬೆಳೀತು,
ಮುರುಕು ಸೈಕಲ್ಲು ಎಸೆದರು.
ಆಮೇಲೆ ಯಾರೋ ಹುಚ್ಚರು ಭಾನುವಾರ ಭಾನುವಾರ ಇಳಿದು
ಕೆಸರು ಎತ್ತಿದರು.
‘ಕೂಲಿ?’ ಇಲ್ಲ. ‘ಊಟ?’ ಮನೆಯಿಂದ.
ಈಗ ರಜಾ ಹಾಕಿ, ದೋಣಿ ಬಾಡಿಗೆಗೆ ತಗೊಂಡು
ನಡೆಯೋರಿಗಿಂತ ನಿಧಾನ ಹೋಗ್ತಾರಂತೆ.
‘ಎಲ್ಲಿಗೆ?’
ಎಲ್ಲಿಗೂ ಇಲ್ಲ.
ಪಿಳ್ಳಪ್ಪ ಅವತ್ತು ಫ್ಯಾನು ಆರಿಸಿ ಹೋದ.

ಲಾರಿ ಪೇಂಟರ್ ಅಮೀರ್‌ಜಾನ್ ಚಿತ್ರ ನೋಡಿ
‘ಇದು ನನ್ನ ಗುಲಾಬಿ’ ಎಂದು ಜಗಳಕ್ಕೇ ನಿಂತ.
ಅದೇ ಕೋಟೆ, ಅದೇ ಕೆರೆ, ಅದೇ ಕೆಂಪು;
ಹಾರನ್ ಹೊಡೆಯಿರಿ ಅಂತ ಮಾತ್ರ ಬರೆದಿಲ್ಲ.
ಲೈಬ್ರರಿಯ ಹಳೇ ಬಾಗಿಲಿಗೆ ಅವನ ಬಣ್ಣ,
ಕೆಳಗೆ ನಾಲ್ಕು ನೀಲಿ ಡ್ರಮ್ಮು,
ಎಳೆಯಲು ಚಿಕ್ಕಪಾಪಮ್ಮನ ಒಂಟಿ ಎತ್ತು.
ಕಾರ್ತಿಕದ ಮಳೆಗೆ ಕೋಡಿ ಬಿದ್ದ ದಿನ
ರಾಜಕಾಲುವೆಗೆ ಇಳಿಸಿದೆವು.

ಹೈವೇ ಮೋರಿಯವರೆಗೆ ಸುಖ. ಅಲ್ಲಿ ದಡವಿಲ್ಲ.
ಇಂಥ ಕಡೆ ಅಲ್ಲಿನವರು ಅಂಗಾತ ಮಲಗಿ
ಸುರಂಗದ ಗೋಡೆಯ ಮೇಲೆ ಕಾಲು ನಡೆಸುತ್ತಿದ್ದರು,
ಮಕ್ಕಳು ಕುದುರೆಯನ್ನು ಗುಡ್ಡ ಹತ್ತಿಸಿ ಆಚೆ ಒಯ್ಯುತ್ತಿದ್ದರು.
ಓದಿದ್ದು ನಾನು. ಮರೆಯದವನು ಅವನು.
‘ಚಟ್ಟ ಅಲ್ಲ ಕಣಮ್ಮ, ಹೆದರಬ್ಯಾಡ’ ಎಂದು
ಬಾಗಿಲ ಮೇಲೆ ಒರಗಿ
ಎರಡೂ ಪಾದ ಮೋರಿಯ ಸೂರಿಗೆ ಕೊಟ್ಟ.

ನಾನು ಎತ್ತು ಹಿಡಿದು ಹೈವೇ ಹತ್ತಿದೆ.
ಕಂಟೇನರು, ಫ್ಯಾಕ್ಟರಿ ಬಸ್ಸು,
ಚೆನ್ನೈ ಕಡೆ ಓಡುವ ಅಮೀರ್‌ಜಾನನ ಗುಲಾಬಿಗಳು
ಕಣ್ಣಿಗೆ ಸಿಗುವ ಮುಂಚೆ ಮಾಯ.
ಟಾರಿನ ಕೆಳಗೆ ಮುದುಕನೊಬ್ಬ
ತಲೆಕೆಳಗಾಗಿ ನಡೆಯುತ್ತಿದ್ದಾನೆಂದು
ಯಾವ ಡ್ರೈವರಿಗೆ ಹೇಳಲಿ?
ಎತ್ತು ಅವಸರ ಮಾಡಲಿಲ್ಲ.

ಆಚೆ ಇಳಿದು ಮೋರಿಯ ಬಾಯಲ್ಲಿ ನಿಂತೆವು.
ಮೊದಲು ಬಂದದ್ದು ಕೆಮ್ಮು.
ಆಮೇಲೆ ನೊರೆ, ಒಂದು ಹವಾಯಿ ಚಪ್ಪಲಿ.
ಆಮೇಲೆ, ಬಹಳ ಹೊತ್ತಾದ ಮೇಲೆ,
ಬೆರಳು ಅಗಲಿಸಿಕೊಂಡ,
ಜೇಡರ ಬಲೆ ಮೆತ್ತಿದ ಎರಡು ಪಾದ.